ನೋಡದೆ ಬರೆದ ‘ಸರಿ’

ಆಸ್ಪತ್ರೆಗೆ ಹೊರಟವರಿಗೆ ನಮ್ಮ ಹೊಸೂರು ಸೀಮೆಯಲ್ಲಿ ಮನೆಯವರು ಹೇಳಿ ಕಳಿಸುತ್ತಿದ್ದ ಬುದ್ಧಿಮಾತು ಒಂದೇ: ‘ಅಲ್ಲಿ ಜಾಸ್ತಿ ಬಾಯಿ ಬಿಡಬೇಡ.’ ತಲೆನೋವು ಅಂದರೆ ಒಂದು ಸೂಜಿ, ಹೊಟ್ಟೆನೋವು ಅಂದರೆ ಇನ್ನೊಂದು ಸೂಜಿ, ಎರಡೂ ಇದೆ ಅಂದರೆ ಅಲ್ಲೇ ಮಲಗಿಸಿಕೊಳ್ಳುತ್ತಾರೆ ಎಂಬ ಭಯ. ಹಾಗಾಗಿ ಜನ ಒಂದು ಕಾಯಿಲೆ ಹೇಳಿ, ಮೂರು ಕಾಯಿಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ವಾಪಸ್ಸು ಬರುತ್ತಿದ್ದರು. ಈಗಲೂ ಹಾಗೆ ಮಾಡುವವರಿದ್ದಾರೆ. ನೀವೂ ಅವರಲ್ಲಿ ಒಬ್ಬರಾಗಿದ್ದರೆ ಒಂದು ಗಳಿಗೆ ಕೂತು ಈ ಕಥೆ ಕೇಳಿ.

ಇದು ಎಂಬತ್ತೆರಡನೇ ಇಸವಿಯ ಮಾತು. ಆಗಿನ ಹೊಸೂರು ಈಗಿನದಲ್ಲ. ಫ್ಯಾಕ್ಟರಿಗಳು ಒಂದೊಂದಾಗಿ ಬರುತ್ತಿದ್ದವು, ನಿಜ. ಆದರೂ ಪೇಟೆಗೆ ಹೋದರೆ ಎದುರಿಗೆ ಸಿಕ್ಕ ಹತ್ತು ಜನರಲ್ಲಿ ಎಂಟು ಜನ ಪರಿಚಯದವರೇ. ಒಬ್ಬರು ಕನ್ನಡದಲ್ಲಿ ‘ಊಟ ಆಯ್ತಾ’ ಅಂದರೆ ಇನ್ನೊಬ್ಬರು ತೆಲುಗಿನಲ್ಲಿ ಕೇಳುತ್ತಿದ್ದರು, ಮತ್ತೊಬ್ಬರು ತಮಿಳಿನಲ್ಲಿ. ಮೂವರಿಗೂ ಉತ್ತರ ಸಿಗುತ್ತಿತ್ತು. ಮಾರ್ಗಶಿರದ ಬೆಳಗ್ಗೆ ಸ್ವೆಟರ್ ಇಲ್ಲದೆ ಹೊರಗೆ ಕಾಲಿಡುವಂತಿರಲಿಲ್ಲ. ಬಾಗಲೂರು ರಸ್ತೆಯಲ್ಲಿ ಹೆಂಚಿನ ಮಾಡಿನ ಒಂದು ಸಣ್ಣ ಆಸ್ಪತ್ರೆ ಇತ್ತು. ಇಪ್ಪತ್ತೇ ಹಾಸಿಗೆ. ಅಂಗಳದಲ್ಲಿ ಒಂದು ಹೊಂಗೆಮರ. ಈಗ ಆ ಆಸ್ಪತ್ರೆಯೂ ಇಲ್ಲ, ಆ ಮರವೂ ಇಲ್ಲ. ಅಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಸೀಮೆಎಣ್ಣೆ ಸ್ಟವ್ವಿನ ಮೇಲೆ ಗಾಜಿನ ಸಿರಿಂಜುಗಳು ಕುದಿಯುತ್ತಿದ್ದ ಸದ್ದು ಇವತ್ತಿಗೂ ನೆನಪಿದೆ.

ಆ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಅಂಬುಜಮ್ಮನೇ ಯಜಮಾನಿ. ಹೊಸೂರಿನ ಹಳೇ ಮನೆತನದ ಹೆಣ್ಣುಮಗಳು. ಗಂಡ ಹಯಗ್ರೀವ, ಸ್ಕೂಲಿನಲ್ಲಿ ಮೇಷ್ಟ್ರು. ಅಂಬುಜಮ್ಮ ನರ್ಸಾಗಿ ಹದಿನಾರು ವರ್ಷ ಆಗಿತ್ತು. ಬಂದವರ ಹಣೆ ಮುಟ್ಟುವುದು, ನಾಲಿಗೆ ನೋಡುವುದು, ನಾಡಿ ಹಿಡಿಯುವುದು, ‘ಇದು ಇಂಥದ್ದೇ’ ಅಂದುಬಿಡುವುದು. ಹತ್ತಕ್ಕೆ ಒಂಬತ್ತು ಸಲ ಅವಳ ಮಾತು ಸರಿಯಾಗುತ್ತಿತ್ತು. ಹತ್ತನೆಯದು ಏನಾಯಿತೆಂದು ಯಾರೂ ಕೇಳುತ್ತಿರಲಿಲ್ಲ.

ಅವಳು ಮಾತ್ರ ಕೇಳಿಕೊಳ್ಳುತ್ತಿದ್ದಳು. ಡ್ಯೂಟಿ ಮುಗಿಸಿ ಮನೆಗೆ ಬಂದು ಅನ್ನಕ್ಕೆ ಸಾರು ಕಲಸಿದ ಕೈ ತಟ್ಟೆಯಲ್ಲೇ ನಿಂತುಬಿಡುತ್ತಿತ್ತು. ‘ಏಳನೇ ಹಾಸಿಗೆಯವಳು ಪೆನಿಸಿಲಿನ್ ಆಗಿಬರೋದಿಲ್ಲ ಅಂದಿದ್ದಳು. ಆಮೇಲೆ ಡ್ಯೂಟಿಗೆ ಬಂದವರಿಗೆ ಹೇಳಿದೆನೋ, ಮರೆತೆನೋ?’ ಕೈ ತೊಳೆದವಳೇ ಕೊಡೆ ಹಿಡಿದು ಮತ್ತೆ ಆಸ್ಪತ್ರೆಗೆ ಓಟ. ವಾರಕ್ಕೆ ಎರಡು ಸಲವಾದರೂ ಹೀಗೆ. “ನಿಮ್ಮಪ್ಪ ನಿನ್ನನ್ನ ಧಾರೆ ಎರೆದು ಕೊಟ್ಟಿದ್ದು ನನಗೋ, ಆ ಆಸ್ಪತ್ರೆಗೋ?” ಎಂದು ಹಯಗ್ರೀವ ಬಾಗಿಲಲ್ಲಿ ನಿಂತು ಛೇಡಿಸುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ.

ಆ ವರ್ಷ ಕೃಷ್ಣಗಿರಿಯ ಹುಡುಗಿ ಜಲಜಮ್ಮ ಅದೇ ವಾರ್ಡಿಗೆ ನರ್ಸಾಗಿ ಬಂದಳು. ಆರು ತಿಂಗಳ ಹೊಸ ತರಬೇತಿ ಮುಗಿಸಿ ಬಂದವಳು. ಬರುವಾಗ ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳ ಒಂದು ಕಟ್ಟು ತಂದಿದ್ದಳು. ಹಾಳೆಯ ತುಂಬ ಇಪ್ಪತ್ತೆರಡು ಪ್ರಶ್ನೆ, ಎಲ್ಲ ಇಂಗ್ಲಿಷಿನಲ್ಲಿ. ಒಂದೊಂದರ ಕೆಳಗೂ ಜಲಜಮ್ಮ ತನ್ನ ಕೈಯಾರೆ ಕನ್ನಡದಲ್ಲೂ ತಮಿಳಿನಲ್ಲೂ ಬರೆದಿದ್ದಳು. ಡಾಕ್ಟರಿಗೆ ಅದು ಇಷ್ಟವಾಯಿತು. ಸೋಮವಾರದಿಂದ ಹೊಸದಾಗಿ ಸೇರುವ ಪ್ರತಿಯೊಬ್ಬ ರೋಗಿಗೂ ಈ ಹಾಳೆ ತುಂಬಬೇಕು ಅಂದರು.

ಅಂಬುಜಮ್ಮ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

“ಏನೇ ಜಲಜ ಇದು? ಹೆಣ್ಣು ನೋಡೋಕೆ ಬಂದೋರೂ ಇಷ್ಟು ಪ್ರಶ್ನೆ ಕೇಳಲ್ವಲ್ಲೇ!”

“ತಲೆಯಿಂದ ಶುರು ಮಾಡಿ ಪಾದಕ್ಕೆ ಮುಗಿಸ್ಬೇಕು ಅಂಬುಜಕ್ಕ. ಎಲ್ಲರಿಗೂ ಒಂದೇ ಥರ, ಒಂದೇ ಕ್ರಮದಲ್ಲಿ. ಬರೀ ಕೇಳಿದ್ರೆ ಸಾಲದು, ನೋಡ್ಬೇಕು, ಮುಟ್ಟಿ ನೋಡ್ಬೇಕು.”

“ಹಂಗಾದ್ರೆ ಹದಿನಾರು ವರ್ಷ ನಾನು ಕಣ್ಣು ಮುಚ್ಕೊಂಡು ಕೆಲಸ ಮಾಡಿದೆ ಅನ್ನು.”

“ಅಯ್ಯೋ, ಹಾಗಂದೆನಾ ನಾನು? ನಿಮ್ಮ ಕಣ್ಣು ಚೆನ್ನಾಗೇ ಇದೆ. ಆದ್ರೆ ನೀವು ಮನೆಗೆ ಹೊರಟ್ರೆ ಅದೂ ನಿಮ್ಮ ಜೊತೇಲೇ ಹೋಗ್ಬಿಡುತ್ತಲ್ಲ ಅಕ್ಕ. ಆಮೇಲೆ ಡ್ಯೂಟಿಗೆ ಬರೋ ನನಗೆ ಏನು ಗೊತ್ತಾಗ್ಬೇಕು?”

ಅಂಬುಜಮ್ಮನಿಗೆ ತಟ್ಟೆಯಲ್ಲಿ ಬಿಟ್ಟು ಎದ್ದ ಅನ್ನವೆಲ್ಲ ಒಮ್ಮೆ ನೆನಪಾಯಿತು. ಆದರೆ ಚಿಕ್ಕವಳ ಮುಂದೆ ಒಪ್ಪಿಕೊಳ್ಳುವುದು ಹೇಗೆ? “ನೋಡೋಣ ನೋಡೋಣ” ಅಂದು ಹಾಳೆಯನ್ನು ಮೇಜಿನ ಖಾನೆಗೆ ತಳ್ಳಿದಳು.

ಸೋಮವಾರ ಬೆಳಗ್ಗೆ ತಳಿ ಊರಿನ ಕಡೆಯಿಂದ ಬರುವ ಮೊದಲ ಬಸ್ಸಿಗೆ ಬೈರಮ್ಮ ಬಂದಳು. ಜವಳಗಿರಿಯ ಹತ್ತಿರದ ಹಳ್ಳಿಯವಳು, ನಲವತ್ತೈದರ ಆಸುಪಾಸು. ಜೊತೆಗೆ ಗಂಡ ರಾಮಾಂಜಿನಪ್ಪ ಮತ್ತು ಅತ್ತೆ ದೊಡ್ಡಮುನಿಯಮ್ಮ. ರಾಗಿ ತೆನೆ ಬಲಿತ ಕಾಲ. ಆನೆ ಬರುತ್ತವೆಂದು ಗಂಡಹೆಂಡತಿ ಹೊಲದ ಅಟ್ಟಣೆಯಲ್ಲೇ ಕಾವಲು ಇದ್ದವರು. ಜ್ವರ ಬಂದು ನಾಲ್ಕು ದಿನವಾದರೂ ಕೊಯ್ಲು ಮುಗಿಯದೆ ಬೈರಮ್ಮ ಹೊರಟಿರಲಿಲ್ಲ.

“ಏನಮ್ಮ ತೊಂದರೆ?” ಎಂದು ಅಂಬುಜಮ್ಮ ಬೈರಮ್ಮನನ್ನು ಕೇಳಿದಳು.

“ಜ್ವರ ಕಣವ್ವ,” ಅಂದಳು ದೊಡ್ಡಮುನಿಯಮ್ಮ.

“ಬೇರೇನಾದ್ರೂ ಇದೆಯಾ?”

“ಇನ್ನೇನೂ ಇಲ್ಲ. ಒಂದು ಸೂಜಿ ಚುಚ್ಚಿ ಕಳ್ಸಿ, ಓಯ್ತೀವಿ,” ಎಂದು ಮತ್ತೆ ಅತ್ತೆಯೇ ಅಂದಳು.

 ಮಂಚದ ಮೇಲೆ ಮಲಗಿದ್ದ ಬೈರಮ್ಮ ಕಂಬಳಿಯನ್ನು ಎಳೆದೆಳೆದು ಪಾದ ಮುಚ್ಚಿಕೊಂಡಳು. ಹಳ್ಳಿಯ ಹೆಂಗಸರ ಸಂಕೋಚ ಅಂದುಕೊಂಡಳು ಅಂಬುಜಮ್ಮ. ಹಣೆ ಮುಟ್ಟಿದಳು, ಸುಡುತ್ತಿತ್ತು. ಥರ್ಮಾಮೀಟರ್ ಇಟ್ಟಳು, ನೂರ ಎರಡು. ಡಾಕ್ಟರ್ ಬಂದು ಜ್ವರಕ್ಕೆ ಮಾತ್ರೆ ಬರೆದರು. ಅಷ್ಟರಲ್ಲಿ ಎರಡು ಹೆರಿಗೆ, ವಾಂತಿಭೇದಿಯ ಒಂದು ಮುದುಕಿ, ಕುಕ್ಕರಿನ ಹಬೆಗೆ ಕೈ ಸುಟ್ಟುಕೊಂಡ ಒಬ್ಬ ಹೊಸ ಮದುವಣಗಿತ್ತಿ. ಅಂಬುಜಮ್ಮನಿಗೆ ಕೂರಲು ಪುರುಸೊತ್ತು ಸಿಕ್ಕಿದ್ದು ಮಧ್ಯಾಹ್ನ ಹನ್ನೆರಡೂವರೆಗೆ.

ಆಗ ಹಾಳೆಯ ನೆನಪಾಯಿತು. ಅಂಬುಜಮ್ಮ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಮೇಜಿನ ಮುಂದೆ ಕೂತು ಬರೆದಳು. ತಲೆ: ಸರಿ. ಕಣ್ಣು: ಸರಿ. ಬಾಯಾರಿಕೆ, ಹಸಿವು: ಸರಿ. ಎದೆ: ಸರಿ. ಮೂತ್ರ: ಸರಿ. ಪಾದ, ಬೆರಳ ಸಂದು: ಸರಿ. ಜ್ವರವೊಂದನ್ನು ಬಿಟ್ಟು ಇಪ್ಪತ್ತೊಂದು ‘ಸರಿ’. ಕಾಫಿ ಆರುವ ಮೊದಲೇ ಹಾಳೆ ತುಂಬಿತ್ತು. ಮುದ್ದಾದ ಅಕ್ಷರ ಬೇರೆ. ಬೈರಮ್ಮನ ಮಂಚ ಅಲ್ಲಿಂದ ಎಂಟು ಹೆಜ್ಜೆ ದೂರದಲ್ಲಿತ್ತು.

ಒಂದು ಗಂಟೆಗೆ ಡ್ಯೂಟಿಗೆ ಬಂದ ಜಲಜಮ್ಮ ಹಾಳೆ ನೋಡಿ ಹಿಗ್ಗಿದಳು. “ಅಕ್ಕ, ಪೂರ್ತಿ ತುಂಬಿಸಿದ್ದೀರಾ!” ಅಂದಳು. ಅಂಬುಜಮ್ಮ ಕೊಡೆ ತೆಗೆದುಕೊಂಡು ಹೊರಟಳು.

ಮಂಗಳವಾರ ಡ್ಯೂಟಿ ಬದಲಾಗುವ ಹೊತ್ತಿಗೂ ಜ್ವರ ಇಳಿದಿರಲಿಲ್ಲ. ಡಾಕ್ಟರ್ ಬೈರಮ್ಮನ ಮಂಚದ ಹತ್ತಿರ ನಿಂತು “ಗಾಯ, ಬಾವು ಏನಾದರೂ ಇದೆಯಾ ನೋಡಿದಿರಾ?” ಎಂದು ಜಲಜಮ್ಮನನ್ನು ಕೇಳಿದರು. ಜಲಜಮ್ಮ ಧೈರ್ಯವಾಗಿ ಹಾಳೆ ತೋರಿಸಿದಳು. “ಏನೂ ಇಲ್ಲ ಡಾಕ್ಟರ್, ಅಂಬುಜಕ್ಕ ಎಲ್ಲ ನೋಡಿ ಬರೆದಿದ್ದಾರೆ.” ಡಾಕ್ಟರ್ ಮಾತ್ರೆ ಬದಲಾಯಿಸಿ ಹೋದರು. ಬಾಗಿಲ ಹತ್ತಿರ ಬ್ಯಾಂಡೇಜು ಸುತ್ತುತ್ತಿದ್ದ ಅಂಬುಜಮ್ಮನಿಗೆ ಆ ಮಾತು ಕೇಳಿಸಿತು. ಈಗಲೇ ಎದ್ದು ಹೋಗಿ ನಿಜ ಹೇಳಬೇಕು ಅನ್ನಿಸಿತು. ಜ್ವರ ತಾನೇ, ನಾಳೆ ಇಳಿಯುತ್ತದೆ ಎಂದೂ ಅನ್ನಿಸಿತು. ಎರಡನೆಯದೇ ಸುಲಭವಾಗಿ ಕಂಡಿತು. ಅವತ್ತು ಮನೆಯಲ್ಲಿ ಅವಳು ಊಟಕ್ಕೆ ಕೂರಲೇ ಇಲ್ಲ.

ಬುಧವಾರ ಬೆಳಗ್ಗೆ ಜ್ವರ ನೂರ ಮೂರಕ್ಕೆ ಏರಿತ್ತು. ಆ ದಿನ ಬೇಗ ಬಂದಿದ್ದ ಜಲಜಮ್ಮ ಹೊಸ ಹಾಳೆಯೊಂದನ್ನು ತೆಗೆದುಕೊಂಡಳು.

“ಅಂಬುಜಕ್ಕ, ಇವರನ್ನ ಇನ್ನೊಂದು ಸಲ ಮೊದಲಿಂದ ಕೇಳ್ತೀನಿ. ನೀವೂ ಬನ್ನಿ.”

 ಅಂಬುಜಮ್ಮ ಹೋಗಿ ಮಂಚದ ತಲೆಭಾಗದಲ್ಲಿ ನಿಂತಳು.

ಜಲಜಮ್ಮ ಸ್ಟೂಲು ಎಳೆದುಕೊಂಡು ಬೈರಮ್ಮನ ಮುಖಕ್ಕೆ ಸರಿಯಾಗಿ ಕೂತಳು. ಆಮೇಲೆ ಅತ್ತೆಯ ಕಡೆ ತಿರುಗಿ ನಗುತ್ತಾ ಅಂದಳು: “ಅಜ್ಜಿ, ನೀವು ಎಲೆ ಅಡಿಕೆ ಹಾಕ್ಕೊಳ್ಳಿ. ಬಾಯಿ ತುಂಬ ಹಾಕ್ಕೊಳ್ಳಿ. ಇವತ್ತು ಸೊಸೆ ಮಾತಾಡ್ಲಿ.” ದೊಡ್ಡಮುನಿಯಮ್ಮ ಹುಬ್ಬು ಗಂಟು ಹಾಕಿದಳು. ಆದರೆ ಎಲೆಅಡಿಕೆ ಅಂದಮೇಲೆ ಬಿಡುವುದುಂಟೇ? ಸಂಚಿ ಬಿಚ್ಚಿದಳು.

“ತಲೆ ಸುತ್ತುತ್ತಾ ಬೈರಮ್ಮ? ಕಣ್ಣು ಮಂಜಾಗುತ್ತಾ?”

“ಆಯ್ತದೆ. ಸೂಜಿಗೆ ದಾರ ಪೋಣ್ಸಕಾಗಾಕಿಲ್ಲ.”

“ಬಾಯಾರಿಕೆ?”

“ಅಯ್ಯೋ, ಅದೊಂದ್ ಕೇಳ್ಬೇಡಿ ಕಣವ್ವ. ಚೊಂಬುಗಟ್ಲೆ ನೀರ್ ಕುಡುದ್ರೂ ನಾಲ್ಗೆ ಒಣಗ್ತದೆ. ಒಂದ್ ವರ್ಸ ಆಗಿರ್ಬೇಕು.”

“ರಾತ್ರಿ ಒಂದಕ್ಕೆ ಎಷ್ಟು ಸಲ ಏಳ್ತೀರಿ?”

ಬೈರಮ್ಮ ನಾಚಿಕೊಂಡಳು. “ನಾಕೈದ್ ಸಲ. ಅಟ್ಟಣೆಯಿಂದ ಇಳ್ದಾಗೆಲ್ಲ ಎಲ್ಲಿ ಆನೆ ನಿಂತದೋ ಅಂತ ಜೀವ ಬಾಯಿಗ್ ಬತ್ತದೆ.”

“ಮೈ ಇಳಿದಿದೆಯಾ?”

“ರವಿಕೆ ಎಲ್ಲಾ ದೊಗಳೆ ಆಗವೆ.”  ಬೈರಮ್ಮನ ಕಣ್ಣಲ್ಲಿ ನೀರು ಬಂದಿತ್ತು. “ನಂಗೆ ಏನೇನಾಯ್ತದೆ ಅಂತ ಇಲ್ಲೀಗಂಟ ಯಾರೂ ಕೇಳಿರ್ನಿಲ್ಲ ಕಣವ್ವ. ಕೂತ್ಕಂಡು ಕೇಳಿದ್ದು ನೀವೇ ಮೊದ್ಲು.”

ಅಂಬುಜಮ್ಮನಿಗೆ ಚುರುಕ್ ಅಂದಿತು. ಹದಿನಾರು ವರ್ಷದಲ್ಲಿ ತಾನು ಎಷ್ಟು ಸಾವಿರ ಹಣೆ ಮುಟ್ಟಿರಬಹುದು! ಸ್ಟೂಲು ಎಳೆದುಕೊಂಡು ಕೂತಿದ್ದು ಎಷ್ಟು ಸಲ?

ಜಲಜಮ್ಮ ಒಂದೊಂದೇ ಪ್ರಶ್ನೆ ಮುಗಿಸುತ್ತಾ ಎದೆ, ಬೆನ್ನು, ಹೊಟ್ಟೆ ದಾಟಿ ಕಾಲಿಗೆ ಬಂದಳು. “ಎಲ್ಲಿ, ಪಾದ ತೋರಿಸಿ.” ಬೈರಮ್ಮ ಮೊಣಕಾಲು ಮಡಚಿಕೊಂಡಳು. ದೊಡ್ಡಮುನಿಯಮ್ಮ ತಾಂಬೂಲದ ಬಾಯಲ್ಲಿ “ಉಂ ಉಂ” ಅಂದು ಕೈ ಅಡ್ಡ ಆಡಿಸಿ, ಉಗುಳಿ ಬರಲು ಹೊರಗೆ ಓಡಿದಳು. ಅಷ್ಟರಲ್ಲಿ ಜಲಜಮ್ಮ ಮೆಲ್ಲಗೆ ಕಂಬಳಿ ಸರಿಸಿದಳು.

ಕೆಟ್ಟ ವಾಸನೆ ಬಂತು. ಎಡಗಾಲಿನ ಎರಡನೇ ಬೆರಳು ಬದನೆಕಾಯಿಯಂತೆ ಊದಿ ಕಪ್ಪಿಟ್ಟಿತ್ತು. ದಪ್ಪ ಬೆಳ್ಳಿಯ ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು. ಮೇಲೆ ಅರಿಶಿನ, ಹರಳೆಣ್ಣೆ ಮೆತ್ತಿತ್ತು. ಉಂಗುರದ ಕೆಳಗಿನಿಂದ ಕೀವು ಒಸರುತ್ತಿತ್ತು.

“ನೋವಾಗಲ್ವಾ ಬೈರಮ್ಮ?”

“ಇಲ್ಲ ಕಣವ್ವ. ಆ ಪಾದಕ್ಕೆ ಮುಳ್ಳು ಚುಚ್ಚಿದ್ರೂ ಗೊತ್ತಾಗಾಕಿಲ್ಲ. ಉಂಗ್ರ ಒತ್ತಿ ಹಂಗಾಗಿರ್ಬೇಕು ಅನ್ಕಂಡೆ.”

ಜಲಜಮ್ಮ ತಲೆಯೆತ್ತಿ ಅಂಬುಜಮ್ಮನನ್ನು ನೋಡಿದಳು.  ಬಯ್ದಿದ್ದರೇ ವಾಸಿಯಾಗಿತ್ತು ಅನ್ನಿಸಿತು ಅಂಬುಜಮ್ಮನಿಗೆ.

ಆಗ ಸಕ್ಕರೆ ಕಾಯಿಲೆ ಪರೀಕ್ಷೆಗೆ ಈಗಿನಂತೆ ಬೆರಳು ಚುಚ್ಚುವ ಯಂತ್ರ ನಮ್ಮ ಕಡೆ ಇರಲಿಲ್ಲ. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಬೈರಮ್ಮನದು ಕುದಿಯುತ್ತಿದ್ದ ಹಾಗೆ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಕೆಂಪಿಗೆ ಬಂದು ನಿಂತಿತು. ಡಾಕ್ಟರ್ ಬಂದು ಪಾದ ನೋಡಿ ಗಂಭೀರವಾದರು. “ಸಕ್ಕರೆ ಕಾಯಿಲೆ. ಪಾದಕ್ಕೆ ಸ್ಪರ್ಶವೇ ಹೋಗಿದೆ, ಅದಕ್ಕೇ ನೋವು ತಿಳಿದಿಲ್ಲ. ಈಗಲೇ ಉಂಗುರ ಕತ್ತರಿಸಿ ತೆಗೆದು ಗಾಯ ತೊಳೆಯಬೇಕು. ಬೆರಳು ಉಳಿಯುತ್ತೋ ಇಲ್ಲವೋ ಹೇಳಲಾರೆ, ಪಾದ ಉಳಿಸೋಕೆ ನೋಡೋಣ. ಇನ್ನೆರಡು ದಿನ ಹೀಗೇ ಬಿಟ್ಟರೆ ಕಾಲೇ ತೆಗೀಬೇಕಾಗುತ್ತೆ.”

ಉಂಗುರ ಕತ್ತರಿಸುವ ಮಾತು ಕಿವಿಗೆ ಬಿದ್ದದ್ದೇ ದೊಡ್ಡಮುನಿಯಮ್ಮ ಹುಲಿಯಾದಳು.

“ಏನಂದ್ರೀ? ನನ್ ಮಗ ಗುಂಡ್ಕಲ್ಲಂಗೆ ನಿಂತವ್ನೆ, ಅವ್ನ್ ಎಡ್ತಿ ಕಾಲುಂಗ್ರ ಕತ್ತರುಸ್ತೀರಾ? ಇದಾಯ್ತದೆ ಅಂತ್ಲೇ ಇವ್ಳಿಗೆ ಏಳಿದ್ದೆ, ಆಸ್ಪತ್ರೇಲಿ ಕಾಲ್ ತೋರುಸ್ಬೇಡ ಅಂತ! ಏಳ್ಲಾ ರಾಮಾಂಜಿ, ಬಸ್ಸಿಗೋಗಾನ. ನಾಟಿ ಔಷ್ದ ಕಟ್ಟಿದ್ರೆ ವಾಸಿ ಆಯ್ತದೆ.”

ಜಲಜಮ್ಮ ಹೇಳಿದಳು, ಡಾಕ್ಟರ್ ಗದರಿದರು, ಮುದುಕಿ ಜಗ್ಗಲಿಲ್ಲ. ಬೈರಮ್ಮನ ಬಟ್ಟೆಗಂಟು ಹಿಡಿದು ಅಂಗಳಕ್ಕೆ ಹೋಗಿ ಹೊಂಗೆಮರದ ಕೆಳಗೆ ಕೂತುಬಿಟ್ಟಳು. ರಾಮಾಂಜಿನಪ್ಪ ತಾಯಿ ಮುಖ ಒಂದು ಸಲ, ವಾರ್ಡಿನ ಬಾಗಿಲು ಒಂದು ಸಲ ನೋಡುತ್ತಾ ನಿಂತ. ಜಲಜಮ್ಮನ ಕೈಯಲ್ಲಿದ್ದ ಹಾಳೆಯಲ್ಲಿ ಇದಕ್ಕೇನು ಮಾಡಬೇಕೆಂದು ಬರೆದಿರಲಿಲ್ಲ.

ಅಂಬುಜಮ್ಮ ಹೊರಗೆ ಬಂದಳು. ಬಿಳಿ ಸೀರೆ ಮಣ್ಣಾಗುತ್ತದೆಂದು ನೋಡದೆ ಮುದುಕಿಯ ಪಕ್ಕ ನೆಲದ ಮೇಲೆ ಕೂತಳು.

“ದೊಡ್ಡಮ್ಮ, ನಿಮ್ಮನ್ನ ಬಯ್ಯೋಕೆ ಬರಲಿಲ್ಲ. ಬಯ್ಯೋ ಯೋಗ್ಯತೆ ನನಗಿಲ್ಲ. ಸೋಮವಾರವೇ ನಿಮ್ಮ ಸೊಸೆ ಪಾದ ನೋಡಬೇಕಾಗಿದ್ದವಳು ನಾನು. ನೋಡಲಿಲ್ಲ. ನೋಡದೇನೇ ‘ಸರಿ’ ಅಂತ ಬರೆದೆ. ಅದನ್ನ ನಂಬಿ ಡಾಕ್ಟರೂ ಸುಮ್ಮನಾದರು.”

ದೊಡ್ಡಮುನಿಯಮ್ಮ ದಂಗಾಗಿ ನೋಡಿದಳು. ಆಸ್ಪತ್ರೆಯವರು ತಪ್ಪೊಪ್ಪಿಕೊಂಡದ್ದನ್ನು ಅವಳು ಕಂಡೇ ಇರಲಿಲ್ಲ.

“ನೀವು ಮುಚ್ಚಿಟ್ಟಿರಿ, ನಾನು ನೋಡಲಿಲ್ಲ,” ಎಂದಳು ಅಂಬುಜಮ್ಮ.  “ನಾವಿಬ್ಬರೂ ಸೇರಿ ಅವಳ ಎರಡು ದಿನ ತಿಂದುಬಿಟ್ಟೆವು. ಇನ್ನು ಎರಡು ದಿನ ಅವಳ ಹತ್ತಿರ ಇಲ್ಲ ದೊಡ್ಡಮ್ಮ.”

ಮುದುಕಿ ಬಟ್ಟೆಗಂಟಿನ ಮೇಲಿನ ಹಿಡಿತ ಸಡಿಲಿಸಿದಳು. ಆದರೂ ಒಳಗಿನ ಭಯ ಸಣ್ಣದೇ? “ಮಗನ್ ಆಯುಸ್ಸು ಕಣವ್ವ,” ಅಂದಳು. ಈ ಸಲ ದನಿ ಹುಲಿಯದಾಗಿರಲಿಲ್ಲ.

“ತಾಳಿ ಸವೆದು ಬಿದ್ದರೆ ಏನು ಮಾಡ್ತೀವಿ ಹೇಳಿ? ಅರಿಶಿನದ ಕೊಂಬು ಕಟ್ಟಿಕೊಂಡು ಹೊಸದು ಬರೋವರೆಗೂ ಕಾಯಲ್ವಾ? ಇದಕ್ಕೂ ಹಾಗೇ ಮಾಡೋಣ. ಎಡಗಾಲಿನದು ತೆಗೆಯೋಕೆ ಮುಂಚೆ ಅವಳ ಕೈಗೆ ಅರಿಶಿನದ ದಾರ ನೀವೇ ಕಟ್ಟಿ. ನಮ್ಮ ಕತ್ತರಿ ಬೇಡ, ಪೇಟೆಯಿಂದ ಆಚಾರೀನ ಕರೆಸ್ತೀನಿ. ಒಡವೆ ಮಾಡೋ ಕೈಯೇ ಬಿಡಿಸಲಿ.”

ಅಷ್ಟು ಹೊತ್ತೂ ಮರಕ್ಕೊರಗಿ ನಿಂತಿದ್ದ ರಾಮಾಂಜಿನಪ್ಪ ಬಾಯಿ ಬಿಟ್ಟ. “ಅವ್ವ, ಮದ್ವೆ ದಿವ್ಸ ಆ ಉಂಗ್ರ ಇಕ್ಕಿದೋನು ನಾನು. ತೆಗ್ಯೋನೂ ನಾನೇ. ಅಟ್ಟಣೆ ಅತ್ತಿ ನನ್ ಜತೆ ತಮ್ಟೆ ಬಡ್ದು ಆನೆ ಓಡ್ಸಿದ್ ಕಾಲು ಅದು. ಅವ್ಳು ನಡುದ್ರೆ ನಂಗಷ್ಟೇ ಸಾಕು.”

ದೊಡ್ಡಮುನಿಯಮ್ಮ ಕಣ್ಣೊರೆಸಿಕೊಂಡು ಎದ್ದಳು. “ಅರಿಶ್ನದ್ ದಾರ ಎಲ್ಲೈತವ್ವ?” ಅಂದಳು.

ಪೇಟೆಯ ಅಕ್ಕಸಾಲಿ ಅಪ್ಪಣ್ಣಾಚಾರಿ ಅರ್ಧ ಗಂಟೆಯಲ್ಲಿ ಬಂದ. ಅವನ ಸಣ್ಣ ಗರಗಸವನ್ನೂ ಇಕ್ಕುಳವನ್ನೂ ಜಲಜಮ್ಮ ಕುದಿಯುವ ನೀರಿನಲ್ಲಿ ಹಾಕಿದಾಗ “ಅಯ್ಯೋ, ಅದಕ್ಕೂ ಸ್ನಾನವೇ!” ಎಂದು ಬೆರಗಾದ. ಉಸಿರು ಬಿಗಿ ಹಿಡಿದು ಉಂಗುರವನ್ನು ಒಂದು ಕಡೆ ಕೊಯ್ದ. ಡಾಕ್ಟರ್ ಪಾದ ಹಿಡಿದಿದ್ದರು. ರಾಮಾಂಜಿನಪ್ಪ ಉಂಗುರದ ಎರಡು ತುದಿ ಬಿಡಿಸಿ ತೆಗೆದ. ಬೈರಮ್ಮ ಅರಿಶಿನದ ದಾರ ಕಟ್ಟಿದ ಕೈಯಲ್ಲಿ ಅತ್ತೆಯ ಕೈಯನ್ನು ಹಿಡಿದುಕೊಂಡಿದ್ದಳು.

ಅವತ್ತು ಮಧ್ಯಾಹ್ನ ಅಂಬುಜಮ್ಮ ಸೋಮವಾರದ ಹಾಳೆಯನ್ನು ಡಾಕ್ಟರ ಮುಂದೆ ಇಟ್ಟಳು. ಇಪ್ಪತ್ತೊಂದು ‘ಸರಿ’ಗಳ ಮೇಲೆ ಉದ್ದಕ್ಕೆ ಗೀಟು ಎಳೆದು ‘ನೋಡಿರಲಿಲ್ಲ’ ಎಂದು ಬರೆದು ಸಹಿ ಹಾಕಿದ್ದಳು. ಡಾಕ್ಟರ್ ಓದಿ ಹಾಳೆಯನ್ನು ಫೈಲಿಗೆ ಸೇರಿಸಿದರು. “ನಾಳೆಯಿಂದ?” ಅಂದರು. “ನಾಳೆಯಿಂದ ನೋಡದೆ ಒಂದಕ್ಷರ ಬರೆಯೋದಿಲ್ಲ ಡಾಕ್ಟರ್,” ಅಂದಳು.

ಬೈರಮ್ಮನ ಆ ಒಂದು ಬೆರಳು ಉಳಿಯಲಿಲ್ಲ. ಪಾದ ಉಳಿಯಿತು. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಅವಳು ತನ್ನ ಎರಡೂ ಕಾಲ ಮೇಲೆ ನಡೆದು ಬಸ್ ಸ್ಟ್ಯಾಂಡಿಗೆ ಹೋದಳು. ಕತ್ತರಿಸಿದ ಉಂಗುರದ ಬೆಳ್ಳಿಯಲ್ಲಿ ಎರಡು ಗುಂಡು ಮಾಡಿಸಿ ಸೊಸೆಯ ತಾಳಿಯ ದಾರಕ್ಕೆ ಪೋಣಿಸಿದ್ದು ದೊಡ್ಡಮುನಿಯಮ್ಮನದೇ ಯೋಚನೆ.

ವಾರ್ಡು ಕೂಡ ಬದಲಾಯಿತು. ಒಬ್ಬೊಬ್ಬರಿಗೆ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಮೊದಮೊದಲು ‘ಇದೇನು ಪೋಲೀಸ್ ಸ್ಟೇಷನ್ನಾ?’ ಎಂದು ಗೊಣಗಿದ ಜನ ಆಮೇಲೆ ಊರಿಗೆ ಹೋಗಿ, “ಅಲ್ಲಿ ನರ್ಸಮ್ಮ ಪಕ್ಕದಾಗೆ ಕೂತ್ಕಂಡು ಎಲ್ಲಾ ಕೇಳ್ತದೆ,” ಎಂದು ಹೇಳತೊಡಗಿದರು. ಬೆಂಗಳೂರು ದಾರಿಯ ಜೂಜುವಾಡಿಯ ಕಡೆಯಿಂದಲೂ ಆ ಸಣ್ಣ ಆಸ್ಪತ್ರೆ ಹುಡುಕಿಕೊಂಡು ಬರುವವರಾದರು. ಡ್ಯೂಟಿ ಬದಲಾಗುವಾಗ ಅಂಬುಜಮ್ಮ ಮತ್ತು ಜಲಜಮ್ಮ ಮಂಚದಿಂದ ಮಂಚಕ್ಕೆ ಹಾಳೆ ಓದುತ್ತಾ ನಡೆಯುತ್ತಿದ್ದರು. ಯಾರಿಗೆ ಏನು ಆಗಿಬರುವುದಿಲ್ಲ, ಯಾರು ನಾಟಿ ಔಷಧಿ ತಿಂದು ಬಂದಿದ್ದಾರೆ, ಯಾರ ಬೆನ್ನು ಕೆಂಪಾಗಿದೆ, ಎಲ್ಲ ಕಾಗದದ ಮೇಲೆ ಇರುತ್ತಿತ್ತು.

ಒಂದು ದಿನ ಮನೆಯಲ್ಲಿ ಊಟ ಮಾಡುತ್ತಿದ್ದ ಹೆಂಡತಿಯನ್ನು ಹಯಗ್ರೀವ ಬೆರಗಿನಿಂದ ನೋಡಿದ. “ಏನೇ, ತಿಂಗಳಾಯ್ತು, ಕೊಡೆ ಮೂಲೆ ಬಿಟ್ಟು ಅಲ್ಲಾಡಿಲ್ಲ. ಆಸ್ಪತ್ರೆ ನಿನ್ನನ್ನ ತವರಿಗೆ ಕಳಿಸ್ತಾ?”

“ಎಲ್ಲಾ ಬರೆದಿಟ್ಟು ಬಂದಿದ್ದೀನಿ ಕಣ್ರೀ,” ಅಂದಳು ಅಂಬುಜಮ್ಮ. “ಇನ್ನೊಂದು ಸೌಟು ಸಾರು ಬಡಿಸಿ.” ಈ ಸಲ ಅವಳಿಗೆ ನಗು ಬಂತು. ಕೆಲಸ ಮುಗಿಸಿ ಮನೆಗೆ ಬಂದರೆ ನಿಜವಾಗಿ ಮನೆಗೆ ಬಂದಂತೆ ಆಗುತ್ತಿತ್ತು. ಎಷ್ಟೋ ವರ್ಷದಿಂದ ಅವಳು ಅದನ್ನು ಮರೆತೇ ಬಿಟ್ಟಿದ್ದಳು.

ಒಂದೂವರೆ ವರ್ಷ ಕಳೆಯಿತು. ಮಾವಿನ ಹಣ್ಣಿನ ಕಾಲ. ಈ ಸಲ ದೊಡ್ಡಮುನಿಯಮ್ಮನಿಗೇ ಕೆಮ್ಮು ಬಂತು. ಬೈರಮ್ಮ ಅತ್ತೆಯ ಕೈಹಿಡಿದು ನಡೆಸಿಕೊಂಡು ಬಂದಳು. ಪಾದಕ್ಕೆ ಮೆತ್ತನೆಯ ಚಪ್ಪಲಿ ಹಾಕಿದ್ದಳು. ಅವತ್ತು ವಾರ್ಡು ಕಿಕ್ಕಿರಿದಿತ್ತು. ಅಂಬುಜಮ್ಮ ಮುದುಕಿಯ ತಲೆ, ಕಣ್ಣು, ಬಾಯಿ, ಎದೆ ನೋಡಿ ಬರೆದುಕೊಂಡಳು. ಅಷ್ಟರಲ್ಲಿ ಆ ತುದಿಯ ಮಂಚದಿಂದ “ಸಿಸ್ಟರ್, ಸಿಸ್ಟರ್!” ಎಂದು ಯಾರೋ ಕೂಗಿದರು. ಹೋಗಿ ನೋಡಿದರೆ ಬರೀ ಹಾಲಿನ ಲೋಟ ಚೆಲ್ಲಿತ್ತು. ಅಲ್ಲಿಂದ ಇನ್ನೊಬ್ಬರು ಕರೆದರು, ಮತ್ತೊಬ್ಬರು ಕರೆದರು. ಮೇಜಿಗೆ ವಾಪಸ್ಸು ಬಂದಾಗ ಕಾಲು ಸೋತಿತ್ತು. ಕೆಮ್ಮು ತಾನೇ, ಉಳಿದದ್ದೆಲ್ಲ ಸರಿಯೇ ಇರುತ್ತದೆ ಅನ್ನಿಸಿತು. ಪೆನ್ನು ಹಾಳೆಯ ಕಡೆಗೆ ಬಾಗಿತು.

“ನರ್ಸವ್ವಾ!”

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಮಂಚದ ಮೇಲೆ ದೊಡ್ಡಮುನಿಯಮ್ಮ ಸೀರೆಯನ್ನು ಕಣಕಾಲಿನ ತನಕ ಎತ್ತಿ, ಎರಡೂ ಪಾದಗಳನ್ನು ಮುಂದಕ್ಕೆ ಚಾಚಿ ಕೂತಿದ್ದಳು.

“ಎದೆಗೇ ನಿಲ್ಸುಬುಟ್ಯಲ್ಲವ್ವ! ಪಾದ ಯಾರ್ ನೋಡ್ತಾರೆ?”

ಎಲ್ಲರೂ ಗೊಳ್ಳೆಂದು ನಕ್ಕರು. ಅಂಬುಜಮ್ಮನೂ ನಗುತ್ತಲೇ ಪೆನ್ನಿಗೆ ಮುಚ್ಚಳ ಹಾಕಿ ಎದ್ದು ಬಂದಳು. ಸ್ಟೂಲು ಎಳೆದುಕೊಂಡು ಕೂತು, ಆ ಒಡೆದ ಹಿಮ್ಮಡಿಯ ಪಾದಗಳನ್ನು ಒಂದೊಂದಾಗಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಬೆರಳ ಸಂದುಗಳನ್ನು ಬಿಡಿಸಿ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಕಣ್ಣು ಮಂಜಾಯಿತು. ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿದಳು. ಎಲ್ಲೂ ಗಾಯವಿರಲಿಲ್ಲ. ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ‘ಪಾದ: ಸರಿ’ ಎಂದು ಬರೆದಳು.

ಅಕ್ಕಂದಿರೇ, ಅಣ್ಣಂದಿರೇ, ಕಥೆ ಇಷ್ಟೇ. ಇನ್ನು ನಿಮ್ಮ ಮಾತು. ನೀವು ಆಸ್ಪತ್ರೆಗೆ ಸೇರಿದಾಗ ನರ್ಸು ಹತ್ತಿರ ಬಂದು ತಲೆಯಿಂದ ಪಾದದವರೆಗೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮೈಯ ವಿಷಯ ನಿಮ್ಮ ಬಾಯಿಂದಲೇ ಬರಲಿ. ಅತ್ತೆಯೋ ಗಂಡನೋ ಉತ್ತರ ಕೊಡಲು ಬಂದರೆ ಕೈಗೆ ಎಲೆಅಡಿಕೆ ಕೊಡಿ. ನಾಟಿ ಔಷಧಿ ತಿಂದಿದ್ದರೆ ಹೇಳಿ, ಯಾವ ಮಾತ್ರೆ ಆಗಿಬರುವುದಿಲ್ಲವೋ ಹೇಳಿ. ನೋವಿಲ್ಲದ ಗಾಯವಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ. ನಾಚಿಕೆಗೆ, ಶಾಸ್ತ್ರಕ್ಕೆ ಅಂಜಿ ಏನನ್ನೂ ಮುಚ್ಚಿಡಬೇಡಿ. ಶಾಸ್ತ್ರಕ್ಕೆ ದಾರಿ ಹುಡುಕಬಹುದು, ಹೋದ ಕಾಲು ಬರುವುದಿಲ್ಲ. ಇದನ್ನು ಓದುವ ನರ್ಸಮ್ಮಂದಿರೇ, ನಿಮ್ಮ ಕಷ್ಟ ನಮಗೆ ಗೊತ್ತು. ಆದರೂ ಸ್ಟೂಲು ಎಳೆದುಕೊಂಡು ಕೂತು ಕೇಳಿ, ನೋಡಿದ್ದನ್ನು ಮಾತ್ರ ಬರೆಯಿರಿ. ರೋಗಿಗೂ ನೆಮ್ಮದಿ, ನಿಮ್ಮ ಊಟಕ್ಕೂ ನೆಮ್ಮದಿ.

ಅವರು ಅವಸರದಲ್ಲಿ ಎದೆಗೇ ನಿಲ್ಲಿಸಿಬಿಟ್ಟರೆ ನೀವು ಸುಮ್ಮನಿರಬೇಡಿ. ದೊಡ್ಡಮುನಿಯಮ್ಮನ ಹಾಗೆ ಎರಡೂ ಪಾದ ಮುಂದಕ್ಕೆ ಚಾಚಿ, ಇದನ್ನೂ ನೋಡವ್ವ ಅನ್ನಿ.